ಒಂದು ಹಾರ್ನ್ ತಿರುಗಿಸಲು ಎಷ್ಟು ಹೊತ್ತು ಬೇಕು?

ಇದನ್ನು ಬರೆಯಬೇಕೆಂದು ಪೆನ್ನು ಹಿಡಿದಾಗಲೆಲ್ಲ ನಾನು ಬೇರೆ ಏನನ್ನೋ ಬರೆದಿದ್ದೇನೆ. ಮೆಕ್ಕೆಜೋಳವನ್ನು ಡಾಂಬರು ರಸ್ತೆಯ ಮೇಲೆ ಒಣಹಾಕುವವರ ಬಗ್ಗೆ ಬರೆದೆ. ಬಸ್ಸಿನಲ್ಲಿ ಕರ್ಚೀಫು ಎಸೆದು ಸೀಟು ಹಿಡಿಯುವವರ ಬಗ್ಗೆ ಬರೆದೆ. ಮದುವೆ ಊಟದಲ್ಲಿ ಐಸ್‌ಕ್ರೀಮ್ ಕಪ್ ವರ್ಷವರ್ಷವೂ ಚಿಕ್ಕದಾಗುತ್ತಿರುವ ಬಗ್ಗೆ ಕೂಡ ಬರೆದೆ. (ಅದಕ್ಕೆ ಬಂದಷ್ಟು ಮೆಚ್ಚುಗೆ ನನ್ನ ಯಾವ ಬರಹಕ್ಕೂ ಬಂದಿಲ್ಲ ಎಂಬುದು ನನಗೆ ಅಷ್ಟೇನೂ ಖುಷಿಯ ವಿಷಯವಲ್ಲ.) ಇದೊಂದು ಮಾತ್ರ ವಾರದಿಂದ ವಾರಕ್ಕೆ ಮುಂದೆ ಹೋಗುತ್ತಲೇ ಇತ್ತು.

ಈ ವಾರ ಹೋಗಬಾರದು ಎಂದು ಕೂತಿದ್ದೇನೆ.

ನಾನು ಒಬ್ಬರಲ್ಲಿ ಕ್ಷಮೆ ಕೇಳಬೇಕಾಗಿದೆ. ಕೇಳಿಲ್ಲ. ಅವರ ಹೆಸರು ಈಗಲೇ ಬೇಡ. ಯಾಕೆ ಬೇಡ ಎಂಬುದು ಓದುತ್ತ ಹೋದಂತೆ ನಿಮಗೇ ಗೊತ್ತಾಗುತ್ತದೆ.

ಹಳೆಯ ಓದುಗರಿಗೆ ನಾನು ಯಾರೆಂದು ಹೇಳಬೇಕಿಲ್ಲ. ಹೊಸಬರಿಗಾಗಿ ಒಂದು ಮಾತು. ಶಿಕಾರಿಪುರದಲ್ಲಿ ನನ್ನನ್ನು ಮೈಕ್ ನಾಗಣ್ಣ ಎನ್ನುತ್ತಾರೆ. ಹೈಸ್ಕೂಲು ಮುಗಿಸಿದವನು ಕಾಲೇಜಿನ ಕಡೆ ಹೋಗದೆ ನೇರ ಮೈಕ್‌ಸೆಟ್ ಅಂಗಡಿಗೆ ಹೋದೆ. ಮದುವೆ, ನಾಟಕ, ಗಣಪತಿ, ಚುನಾವಣೆ, ಕಬಡ್ಡಿ, ಯಾವುದಿದ್ದರೂ ನನ್ನ ಹಾರ್ನು, ನನ್ನ ದನಿ. ಬಳ್ಳಿಗಾವಿಯಲ್ಲಿ ಪ್ರೋಗ್ರಾಮಿದ್ದರೆ ಪಕ್ಕದ ಹಳ್ಳಿಯವರು ಮನೆಯಲ್ಲೇ ಕೂತು ಕೇಳುತ್ತಿದ್ದರು. ಅಂಜನಾಪುರದ ಏರಿಯ ಮೇಲೆ ಹಾರ್ನ್ ಕಟ್ಟಿದರೆ ನೀರಿನ ಆಚೆ ದಡದವರಿಗೂ ಕೇಳುತ್ತಿತ್ತು. ಇದನ್ನು ನಾನು ಎಷ್ಟೋ ವರ್ಷ ಹೆಮ್ಮೆಯಿಂದ ಹೇಳಿಕೊಂಡು ತಿರುಗಿದ್ದೇನೆ.

ಆಚೆ ದಡದವರಿಗೆ ಕೇಳುವುದು ಬೇಕಿತ್ತೇ ಎಂದು ಒಮ್ಮೆಯೂ ಕೇಳಲಿಲ್ಲ.

ಈಗ ಕುಕ್ಕರಿನ ವಿಷಯಕ್ಕೆ ಬರುತ್ತೇನೆ.

ಹೋದ ವರ್ಷ ಸೊರಬದಲ್ಲಿ ಮಗಳು ವೀಣಾಳ ಮನೆಗೆ ಹೋಗಿದ್ದೆ. ಬೆಳಿಗ್ಗೆ ಪೇಪರ್ ಓದುತ್ತ ಕೂತಿದ್ದಾಗ ಅಡುಗೆಮನೆಯಲ್ಲಿ ಕುಕ್ಕರ್ ಸೀಟಿ ಹೊಡೆಯಿತು. ಮುಂದಿನದು ನನಗೆ ನೆನಪಿರುವುದು ಇಷ್ಟು: ನಾನು ಅಂಗಳದಲ್ಲಿ ನಿಂತಿದ್ದೆ, ಒಂದು ಕಾಲಲ್ಲಿ ಚಪ್ಪಲಿ ಇತ್ತು, ಎದೆ ಡಬಡಬ ಬಡಿಯುತ್ತಿತ್ತು. ಎದುರು ಮನೆಯ ಹೆಂಗಸು ರಂಗೋಲಿ ಅರ್ಧಕ್ಕೆ ಬಿಟ್ಟು ನೋಡುತ್ತಿದ್ದಳು.

"ಎಂತಾತು ಅಪ್ಪ?" ಎಂದು ವೀಣಾ ಸೌಟು ಹಿಡಿದುಕೊಂಡೇ ಬಂದಳು. (ಸೊರಬಕ್ಕೆ ಸೊಸೆಯಾಗಿ ಹೋದ ಮೇಲೆ ಅವಳ ಮಾತೂ ಸೊರಬದ್ದೇ ಆಗಿದೆ.)

"ಏನಿಲ್ಲ. ಗಾಳಿಗೆ ಬಂದೆ."

"ಹಾಂಗೆ ಓಡಿ ಬಂದು ಗಾಳಿ ಕುಡಿಯೋರನ್ನ ನಾ ಇದೇ ಮೊದಲು ನೋಡಿದ್ದು."

ಅಳಿಯ ನಕ್ಕ. ನಾನು ಅವನ ಮೇಲೆ ರೇಗಿದೆ. ಪಾಪ, ಅವನು ನಕ್ಕಿದ್ದು ಮೊಬೈಲ್ ನೋಡಿ ಅಂತೆ.

ಸುಳ್ಳು ಎಷ್ಟು ದಿನ ನಡೆಯುತ್ತದೆ? ಆ ಹೊತ್ತಿಗಾಗಲೇ ನನಗೆ ರಾತ್ರಿ ನಿದ್ದೆ ಹೋಗಿತ್ತು. ಬಾಗಿಲು ಬಡಿದರೆ ಮೈ ನಡುಗುತ್ತಿತ್ತು. ಪಟಾಕಿ ಬಿಡಿ, ತೆಂಗಿನ ಗರಿ ಬಿದ್ದರೂ ಕುತ್ತಿಗೆಯ ನರ ಬಿಗಿಯುತ್ತಿತ್ತು. ಡಾಕ್ಟರ್ ಇಸಿಜಿ ತೆಗೆದರು, ರಕ್ತ ತೆಗೆದರು. ಹಾರ್ಟ್ ಚೆನ್ನಾಗಿದೆ, ಬಿಪಿ ಸ್ವಲ್ಪ ಜಾಸ್ತಿ, ಉಳಿದದ್ದು ಸ್ಟ್ರೆಸ್ಸು ಅಂದರು. ಒಂದು ಮಾತ್ರೆ ಬರೆದುಕೊಟ್ಟು, "ಯೋಗ ಕ್ಲಾಸಿಗೆ ಸೇರ್ಕಳಿ" ಅಂದರು.

ನನಗೆ ಸ್ಟ್ರೆಸ್ಸೇ? ಹೊಲದ ಕೆಲಸ ತಮ್ಮನ ಮಕ್ಕಳು ನೋಡುತ್ತಾರೆ. ಅಂಗಡಿ ಮುಚ್ಚಿ ಕಾಲವಾಯಿತು. ಕೆಲಸ ಅಂದರೆ ವಾರಕ್ಕೊಂದು ಅಂಕಣ. ಅದರಲ್ಲೂ ಐಸ್‌ಕ್ರೀಮ್.

ಆದರೂ ಹೋದೆ. ಹೋದೆ ಅನ್ನುವುದಕ್ಕಿಂತ ವೀಣಾ ಸ್ಕೂಟಿಯಲ್ಲಿ ಕೂರಿಸಿಕೊಂಡು ಹೋಗಿ ಇಳಿಸಿ, ನಾನು ಮೆಟ್ಟಿಲು ಹತ್ತುವವರೆಗೂ ಕೆಳಗೆ ಕಾವಲು ನಿಂತಳು ಅನ್ನುವುದು ಸರಿ.

ಕ್ಲಾಸಿಗಾಗಿ ಸೊರಬದಲ್ಲೇ ಉಳಿದೆ. ಭತ್ತದ ಗೋಡೌನಿನ ಮೇಲೆ ಒಂದು ಹಾಲ್. ನೆಲಕ್ಕೆ ಜಮಖಾನ. ಟೀಚರ್ ಹೆಸರು ಮಂಗಳಾ ಮೇಡಂ. ನಲವತ್ತರ ಆಸುಪಾಸು. ಮೆಲುದನಿ. ನನಗೆ ಮೊದಲ ದಿನ ಬಂದ ಯೋಚನೆ ಏನು ಗೊತ್ತೇ? ಈಕೆಗೆ ಒಂದು ಕಾಲರ್ ಮೈಕ್ ಬೇಕು ಅಂತ.

ಮೊದಲ ಪಾಠ ಕಣ್ಣು ಮುಚ್ಚಿ ಕೂರುವುದು. ಇದು ಪಾಠವೇ ಅನ್ನಿಸಿತ್ತು. ಕೂತು ನೋಡಿದ ಮೇಲೆ ತಿಳಿಯಿತು. ಕಣ್ಣು ಮುಚ್ಚಿದರೆ ಕಿವಿ ದೊಡ್ಡದಾಗುತ್ತದೆ. ಕೆಳಗೆ ಮೂಟೆ ಎಸೆಯುವ ಸದ್ದು, ರಸ್ತೆಯ ಟ್ರ್ಯಾಕ್ಟರು, ನನ್ನದೇ ಎದೆ. ನಾನು ಒಂದು ಕಣ್ಣು ತೆರೆದು ಗೋಡೆ ಗಡಿಯಾರ ನೋಡಿದೆ.

"ನಾಗಣ್ಣ, ಗಡಿಯಾರ ಅಲ್ಲೇ ಇರ್ತದೆ. ಎಲ್ಲೂ ಹೋಗಲ್ಲ" ಎಂದರು ಮೇಡಂ. ಅವರು ನನ್ನ ಕಡೆ ತಿರುಗಿಯೂ ಇರಲಿಲ್ಲ.

ಆಮೇಲೆ ಭ್ರಾಮರಿ. ಬಾಯಿ ಮುಚ್ಚಿ, ಮೂಗಿನಿಂದ ಉಸಿರು ಬಿಡುತ್ತ ದುಂಬಿಯ ಹಾಗೆ ಗುಂಯ್‌ಗುಡುವುದು. ದನಿ ವಿಷಯದಲ್ಲಿ ನನ್ನನ್ನು ಮೀರಿಸುವವರು ಯಾರು? ಎದೆ ತುಂಬ ಗಾಳಿ ಎಳೆದು ಶುರು ಮಾಡಿದೆ. ಕಿಟಕಿ ಗಾಜು ನಡುಗಿತು ಎಂದು ಪಕ್ಕದವರು ಈಗಲೂ ಹೇಳುತ್ತಾರೆ.

"ನಾಗಣ್ಣ," ಎಂದರು ಮೇಡಂ, "ಭ್ರಮರ ಅಂದ್ರೆ ದುಂಬಿ. ಲಾರಿ ಅಲ್ಲ."

ಇಡೀ ಹಾಲ್ ನಕ್ಕಿತು. ಭ್ರಾಮರಿ ನಿಂತೇಹೋಯಿತು. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಆ ನಗುವಿನಲ್ಲಿ ನನ್ನನ್ನು ಹೊರಗಿಡುವ ಧಾಟಿ ಇರಲಿಲ್ಲ. ಎಲ್ಲ ನಗುವೂ ಹಾಗಿರುವುದಿಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತು. ಅಲ್ಲಿಗೆ ಬರುತ್ತೇನೆ.

ಯೋಗ ಅಂದರೆ ತಲೆ ಕೆಳಗೆ ಮಾಡಿ ನಿಲ್ಲುವುದು ಎಂದುಕೊಂಡಿದ್ದವನಿಗೆ ಮೇಡಂ ಹೇಳಿಕೊಟ್ಟದ್ದು ಬಹಳ ಸರಳವಾಗಿತ್ತು. ನಮ್ಮ ನರಮಂಡಲದಲ್ಲಿ ಓಡು ಎನ್ನುವ ಭಾಗ ಒಂದು, ಕೂರು ಎನ್ನುವ ಭಾಗ ಇನ್ನೊಂದು. ಹುಲಿ ಬಂದರೆ ಓಡು ಎನ್ನುವುದು ಏಳಬೇಕು. ಹುಲಿ ಹೋದ ಮೇಲೆ ಕೂರು ಎನ್ನುವುದು ಕೆಲಸ ಮಾಡಬೇಕು. ನಮಗೇನಾಗಿದೆ ಅಂದರೆ ಹುಲಿ ಹೋಗಿ ಎಷ್ಟೋ ಹೊತ್ತಾದರೂ ನಾವಿನ್ನೂ ಓಡುತ್ತಲೇ ಇದ್ದೇವೆ.

"ಉಸಿರು ಎಳಿವಾಗ ಎದೆಬಡಿತ ಒಂಚೂರು ಜೋರಾಗ್ತದೆ. ಬಿಡುವಾಗ ನಿಧಾನ ಆಗ್ತದೆ. ಕೈ ಇಟ್ಕಂಡು ನೀವೇ ನೋಡ್ಕಳಿ. ಅದ್ಕೇ ಎಳಿಯೋದಕ್ಕಿಂತ ಬಿಡೋದು ಉದ್ದ ಇರ್ಲಿ" ಎಂದರು.

ಇದನ್ನು ಕೇಳಿ ನನಗೆ ನನ್ನ ಆಂಪ್ಲಿಫೈಯರ್ ನೆನಪಾಯಿತು.

ಮೈಕು ಹಾರ್ನಿಗೆ ಎದುರಾದರೆ ಏನಾಗುತ್ತದೆ? ಕೂಂಯ್ ಎಂದು ಕಿರುಚುತ್ತದೆ. ನೀವೆಲ್ಲ ಮದುವೆ ಮನೆಯಲ್ಲಿ ಕಿವಿ ಮುಚ್ಚಿಕೊಂಡಿದ್ದೀರಿ. ಅದು ಯಾಕೆ ಹಾಗೆ ಕಿರುಚುತ್ತದೆ ಗೊತ್ತೇ? ಮೈಕಿಗೆ ಬಿದ್ದ ಚಿಕ್ಕ ಸದ್ದು ಹಾರ್ನಿನಿಂದ ದೊಡ್ಡದಾಗಿ ಹೊರಗೆ ಬರುತ್ತದೆ. ಅದೇ ಸದ್ದು ಮತ್ತೆ ಮೈಕಿಗೆ ಬೀಳುತ್ತದೆ. ಇನ್ನೂ ದೊಡ್ಡದಾಗುತ್ತದೆ. ಮತ್ತೆ ಬೀಳುತ್ತದೆ. ಯಾರೂ ಏನೂ ಮಾತಾಡದೆಯೇ ಮಂಟಪವೆಲ್ಲ ಕಿರುಚಾಟ.

ನನ್ನೊಳಗೆ ಆಗುತ್ತಿದ್ದದ್ದು ಇದೇ. ಒಂದು ಚಿಕ್ಕ ಬೆದರಿಕೆ. ಅದಕ್ಕೆ ಎದೆ ಬಡಿಯುತ್ತದೆ. ಬಡಿಯುವ ಎದೆಯ ಸದ್ದು ಕೇಳಿ ಮನಸ್ಸು ಇನ್ನಷ್ಟು ಬೆದರುತ್ತದೆ. ಕುಕ್ಕರು ಒಂದು ಸಲ ಕೂಗಿ ಸುಮ್ಮನಾಗಿರುತ್ತದೆ. ನಾನು ಅಂಗಳದಲ್ಲಿ ನಿಂತಿರುತ್ತೇನೆ.

ಹೊಸದಾಗಿ ಮೈಕ್ ಹಿಡಿದವರು ಕೂಂಯ್ ಎಂದ ಕೂಡಲೆ ವೈರು ಕಿತ್ತು ಎಸೆಯುತ್ತಾರೆ. ಪಳಗಿದವನು ಹಾಗೆ ಮಾಡುವುದಿಲ್ಲ. ಸದ್ದು ಏರಿಸಿ ಇಳಿಸುವ ನಾಬ್ ಹಿಡಿದು ಸಾವಕಾಶವಾಗಿ ಇಳಿಸುತ್ತಾನೆ. ಎದೆಬಡಿತಕ್ಕೆ ನಾಬ್ ಇಲ್ಲ. ರಕ್ತದೊತ್ತಡಕ್ಕೆ ಇಲ್ಲ. ಬೆವರಿಗೆ ಇಲ್ಲ. ದೇವರು ಎಲ್ಲವನ್ನೂ ಒಳಗೆ ಹಾಕಿ ಸೀಲ್ ಮಾಡಿದ್ದಾನೆ. ಉಸಿರಿನದ್ದೊಂದು ನಾಬ್ ಮಾತ್ರ ನಮ್ಮ ಕೈಗೆ ಸಿಗುವ ಹಾಗೆ ಹೊರಗೆ ಬಿಟ್ಟಿದ್ದಾನೆ. ಅದನ್ನು ಯಾವ ಕಾಲದಲ್ಲೋ ಯಾರೋ ಸುಮ್ಮನೆ ಕೂತು ಕಂಡುಹಿಡಿದರಲ್ಲ, ಅವರಿಗೆ ನಾನು ದಿನಾ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ. ಕರೆಂಟಿಲ್ಲ, ವೈರಿಲ್ಲ, ಬ್ಯಾಟರಿ ಇಲ್ಲ. ಇಂಥ ಸೆಟ್ಟನ್ನು ನಾನು ಇಡೀ ಜೀವಮಾನದಲ್ಲಿ ಮುಟ್ಟಿರಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ನಿದ್ದೆ ಬಂತು. (ಶವಾಸನದಲ್ಲಿ ಮೊದಲು ಬಂತು, ಮನೆಯಲ್ಲಿ ಆಮೇಲೆ.) ಭುಜ ಕಿವಿಯಿಂದ ಕೆಳಗಿಳಿಯಿತು. ಭುಜ ಅಷ್ಟು ಮೇಲಿತ್ತು ಎಂಬುದೇ ಇಳಿದ ಮೇಲೆ ಗೊತ್ತಾದದ್ದು. ಮಾತ್ರೆ ಬಿಟ್ಟಿಲ್ಲ, ಬಿಡಿ ಎಂದು ಡಾಕ್ಟರೂ ಹೇಳಿಲ್ಲ, ಮೇಡಮ್ಮೂ ಹೇಳಿಲ್ಲ. ಆದರೆ ಒಂದು ದಿನ ವೀಣಾ ಅಡುಗೆಮನೆಯಿಂದ ಇಣುಕಿ, "ಅಪ್ಪ, ಕುಕ್ಕರ್ ಆಗಿಂದ ಕೂಗ್ತಿದೆ. ನೀವು ಪೇಪರಿಂದ ತಲೆನೇ ಎತ್ತಲಿಲ್ಲ" ಎಂದಳು. ಅಳಿಯ ಚಪ್ಪಾಳೆ ತಟ್ಟಿದ. ಈ ಸಲ ನನಗೇ ಅಂತ ಖಚಿತವಾಗಿತ್ತು.

ಇಲ್ಲಿಗೆ ಮುಗಿದಿದ್ದರೆ ಇದು ಒಳ್ಳೆಯ ಆರೋಗ್ಯ ಲೇಖನ ಆಗುತ್ತಿತ್ತು.

ದೀಪಾವಳಿ ಕಳೆದ ಮೇಲೆ ಮೇಡಂ ನಮಗೆಲ್ಲ ಒಂದೊಂದು ಬಟ್ಟೆಯ ಚೀಲ ಕೊಟ್ಟರು, ಯೋಗದ ಮ್ಯಾಟ್ ಸುತ್ತಿ ಹಾಕಿಕೊಳ್ಳಲು. ಹೊಲಿಗೆ ನೋಡಿ ನಮ್ಮಲ್ಲಿ ಒಬ್ಬರು, "ಕಂಪ್ನಿದಾ ಮೇಡಂ?" ಎಂದರು.

"ಎಂತ ಕಂಪ್ನಿ ಮಾರಾಯ್ರೇ. ಇಲ್ಲೇ ಸೊರಬದ ಪಕ್ಕ ಉಳವೀಲೂ ನಮ್ಮದೊಂದು ಬ್ಯಾಚ್ ಇದ್ಯಲಾ, ಅಲ್ಲಿನ ಅಕ್ಕ ಹೊಲಿದದ್ದು. ಮೊದಲು ಶಿಕಾರಿಪುರದಲ್ಲಿ ಟೈಲರ್ ಆಗಿದ್ರಂತೆ. ಕೈ ನಡುಗ್ತದೆ ಅಂತ ಹೊಲಿಯೋದೇ ಬಿಟ್ಟಿದ್ರು. ಕತ್ತರಿ ಕೆಳಗೆ ಬಿದ್ರೆ ಬೆಚ್ಚಿ ಬೀಳ್ತಿದ್ರು. ನಮ್ಮ ಕ್ಲಾಸಿಗೆ ಬಂದು ಬಂದು ಈಗ ಮತ್ತೆ ಮಷಿನ್ ಮೇಲೆ ಕೂತಿದಾರೆ. ಸೂಜಿಗೆ ದಾರ ಅವರೇ ಪೋಣಿಸ್ತಾರೆ."

ಮೇಡಂ ಆ ಅಕ್ಕನ ಹೆಸರನ್ನೂ ಹೇಳಿದರು.

ನನ್ನ ಕೈಯಲ್ಲಿದ್ದ ಚೀಲವನ್ನು ನಾನು ಕೆಳಗಿಟ್ಟೆ. ನಾನು ಕ್ಷಮೆ ಕೇಳಬೇಕಾದವರ ಹೆಸರು ಅದೇ.

ಈಗ ಕ್ಷಮೆಗೆ ಕಾರಣವಾದ ಆ ಸಂಜೆ, ವೀಣಾ ಇನ್ನೂ ಚಿಕ್ಕವಳಿದ್ದಾಗಿನದು. ಶಿಕಾರಿಪುರದ ನಮ್ಮ ಬೀದಿಯ ಗಣಪತಿ. ಮೆರವಣಿಗೆಗೆ ಮೊದಲಿನ ಮಂಗಳಾರತಿ ಇನ್ನೇನು ಶುರುವಾಗಬೇಕು. ಬೀದಿ ತುಂಬ ಜನ. ನನ್ನ ಕೈಯಲ್ಲಿ ಮೈಕು. ಆ ಹೆಣ್ಣುಮಗಳ ಮನೆ ಕಮ್ ಟೈಲರ್ ಅಂಗಡಿ ಪೆಂಡಾಲಿನ ಎದುರಿಗೇ ಇತ್ತು. ನಾನು ಕಂಬಕ್ಕೆ ಕಟ್ಟಿದ್ದ ಹಾರ್ನು ಅವರ ಕಿಟಕಿಗೆ ಮುಖ ಮಾಡಿತ್ತು. ಅವರು ಜನರ ನಡುವೆ ದಾರಿ ಮಾಡಿಕೊಂಡು ಬಂದು ನನ್ನ ಪಕ್ಕ ನಿಂತರು.

"ನಾಗಣ್ಣಾರೆ, ಆ ಹಾರ್ನ್ ಒಂದ್ ಸ್ವಲ್ಪ ಆ ಕಡೆ ತಿರುಗಿಸ್ತೀರೇನ್ರೀ? ನನಗ ನರದ ತ್ರಾಸ ಐತ್ರೀ. ಸದ್ದಿಗೆ ಕೈ ನಡುಗ್ತಾವು. ಹಬ್ಬದ ಬ್ಲೌಸ್ ಕೊಡೋದೈತಿ, ಸೂಜಿಗೆ ದಾರ ಹೋಗವಲ್ದು."

ಬಂದ್ ಮಾಡಿ ಅನ್ನಲಿಲ್ಲ. ಕಡಿಮೆ ಮಾಡಿ ಅಂತಲೂ ಅನ್ನಲಿಲ್ಲ. ತಿರುಗಿಸಿ ಅಂದರು. ಹಾರ್ನಿನ ಹಿಂದೆ ಒಂದು ಚಿಟ್ಟೆ ನಟ್ ಇರುತ್ತದೆ, ಎರಡು ರೆಕ್ಕೆಯದು. ಬೆರಳಿನಿಂದ ಸಡಿಲ ಮಾಡಿ ತಿರುಗಿಸಿದರೆ ಮುಗಿಯಿತು. ಸ್ಪ್ಯಾನರ್ ಕೂಡ ಬೇಡ.

ನಾನು ಏನು ಮಾಡಿದೆ?

ನಾಲ್ಕು ಜನ ಗೆಳೆಯರು ನೋಡುತ್ತಿದ್ದರು. ಕೈಯಲ್ಲಿ ಮೈಕಿತ್ತು. ಮೈಕ್ ಆನ್ ಇತ್ತು.

"ಭಕ್ತಾದಿಗಳಲ್ಲಿ ಒಂದು ವಿನಂತಿ," ಎಂದೆ, ನನ್ನ ಅನೌನ್ಸ್‌ಮೆಂಟ್ ದನಿಯಲ್ಲಿ, ಅವರ ಹೆಸರು ಹಿಡಿದೇ. "ನಮ್ಮ ಬೀದಿಯ ಟೈಲರ್ ಶ್ರೀಮತಿ ಇಂಥವರಿಗೆ ನರ ಬಹಳ ಸೂಕ್ಷ್ಮ. ಆದ ಕಾರಣ ಎಲ್ಲರೂ ದಯವಿಟ್ಟು ಮೆಲ್ಲಗೆ ಉಸಿರಾಡಬೇಕಾಗಿ ಕೋರಿಕೆ."

ಬೀದಿಗೆ ಬೀದಿಯೇ ನಕ್ಕಿತು. ಅವರು ಸೆರಗನ್ನು ಹೆಗಲ ಮೇಲೆ ಎಳೆದುಕೊಂಡು ಬಂದ ದಾರಿಯಲ್ಲೇ ಹೋದರು. ಜನ ದಾರಿ ಬಿಟ್ಟರು, ನಗುತ್ತಲೇ.

ನಗು ಬಂತಲ್ಲ. ಮಂಗಳಾರತಿ ಆದ ಮೇಲೆ ಇನ್ನೊಂದು ಸಲ ಹೇಳಿದೆ. (ಈ ಎರಡನೆಯ ಸಲದ್ದನ್ನು ಮರೆತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡು ಬಂದಿದ್ದೆ. ಮರೆತಿರಲಿಲ್ಲ.)

ಒಂದು ಜೋಕು ಎಷ್ಟು ದಿನ ಬದುಕುತ್ತದೆ? ಅವರು ನಲ್ಲಿಗೆ ನೀರಿಗೆ ಬಂದರೆ ಮಕ್ಕಳು ಕೆನ್ನೆ ಉಬ್ಬಿಸಿ ಉಸಿರು ಹಿಡಿದು ನಿಲ್ಲುತ್ತಿದ್ದವು. ಅವರಿಗೆ ಉಸಿರಕ್ಕ ಎಂಬ ಹೆಸರು ಬಿತ್ತು. ಆಮೇಲೆ ದೊಡ್ಡವರ ಸರದಿ. ನಡುಗೋ ಕೈಗೆ ಮದುವೆ ಬ್ಲೌಸ್ ಕೊಟ್ಟರೆ ಗತಿ ಏನು ಎಂದು ಒಬ್ಬರು ತಮಾಷೆಗೆ ಅಂದರು. ಇನ್ನೊಬ್ಬರು ಅದನ್ನು ತಮಾಷೆಯಾಗಿ ತೆಗೆದುಕೊಳ್ಳಲಿಲ್ಲ. ಬಟ್ಟೆ ಬರುವುದು ಕಡಿಮೆಯಾಯಿತು. ಯುಗಾದಿಯ ಹೊತ್ತಿಗೆ ಬೋರ್ಡು ಇಳಿಯಿತು. ಹೊಲಿಗೆ ಮಷಿನನ್ನು ಲಗೇಜ್ ಆಟೋಗೆ ಏರಿಸಿ ಉಳವಿಯಲ್ಲಿದ್ದ ತಮ್ಮ ಸ್ವಂತ ಅಕ್ಕನ ಮನೆಗೆ ಅವರು ಹೊರಟ ದಿನ ನಾನು ಎದುರಿನ ನನ್ನ ಅಂಗಡಿಯಲ್ಲೇ ಇದ್ದೆ. ರಸ್ತೆ ದಾಟಿದರೆ ಸಾಕಿತ್ತು. ಸ್ಕ್ರೂ ಬೀಳಿಸಿಕೊಂಡವನ ಹಾಗೆ ತಲೆ ಬಗ್ಗಿಸಿ ನೆಲ ಹುಡುಕುತ್ತ ಕೂತೆ. ಆಟೋ ಸದ್ದು ದೂರವಾದ ಮೇಲೆ ತಲೆ ಎತ್ತಿದೆ.

ಈಗ ಹೇಳಿ. ಕುಕ್ಕರಿಗೆ ಬೆಚ್ಚಿಬಿದ್ದು ಅಂಗಳಕ್ಕೆ ಓಡಿದ ಮುದುಕನನ್ನು ನೋಡಿ ನಗಲು ಯಾರಿಗೆ ಹೆಚ್ಚು ಹಕ್ಕಿತ್ತು?

ಚೀಲ ಸಿಕ್ಕಿದ ದಿನ ಮನೆಗೆ ಬಂದು ವೀಣಾಗೆ ಎಲ್ಲ ಹೇಳಿದೆ. ಅವಳು ಆಗ ಪುಟ್ಟ ಹುಡುಗಿ, ಗೊತ್ತಿರಲಿಕ್ಕಿಲ್ಲ ಎಂದುಕೊಂಡಿದ್ದೆ. ಅವಳು ಅಕ್ಕಿ ಆರಿಸುವುದನ್ನು ನಿಲ್ಲಿಸಿದಳು.

"ಗೊತ್ತು ಅಪ್ಪ. ನಲ್ಲಿ ಹತ್ರ ಉಸಿರು ಹಿಡಿದು ನಿಂತಿದ್ದ ಮಕ್ಕಳಲ್ಲಿ ನಾನೂ ಇದ್ದೆ."

ಅವಳು ಮೊರವನ್ನು ನನ್ನ ಕಡೆಗೂ ಸರಿಸಿದಳು, ಇಬ್ಬರೂ ಕಲ್ಲು ಆರಿಸುತ್ತ ಕೂತೆವು.

ರಥಸಪ್ತಮಿ ಹತ್ತಿರ ಬಂತು. ಸೂರ್ಯನ ದಿನ ಅಂತ ಯೋಗದವರೆಲ್ಲ ಅವತ್ತು ಒಟ್ಟಿಗೆ ಸೇರಿ ಸೂರ್ಯನಮಸ್ಕಾರ ಮಾಡುವುದು ಈಗ ರೂಢಿ. ಎಲ್ಲ ಬ್ಯಾಚಿನವರೂ ಸೊರಬದ ಒಂದು ಬಯಲಿನಲ್ಲಿ ಸೇರುವುದು ಎಂದಾಯಿತು. ಉಳವಿಯವರು ಕೂಡ. ಮೇಡಂ ನನ್ನ ಕಡೆ ತಿರುಗಿದರು.

"ನಾಗಣ್ಣ, ನಿಮ್ಮ ಹಳೇ ಮೈಕ್‌ಸೆಟ್ ಇದ್ಯಲಾ, ತಂದ್ಕಳಿ. ಹೇಳೋದೂ ನೀವೇ ಹೇಳಿ. ಅಷ್ಟು ಜನಕ್ಕೆ ನನ್ನ ದನಿ ಸಾಲಲ್ಲ."

ಸೆಟ್ ಕೆಟ್ಟಿದೆ ಎಂದೆ. ಗಂಟಲು ನೋವು ಎಂದೆ. ಶಿಕಾರಿಪುರದಲ್ಲಿ ಒಂದು ಗೃಹಪ್ರವೇಶ ಇದೆ ಎಂದೆ. ಮನೆಗೆ ಬಂದರೆ ವೀಣಾ, "ಯಾರ ಗೃಹಪ್ರವೇಶ ಅಪ್ಪ?" ಎಂದಳು. ಮೇಡಂ ಫೋನ್ ಮಾಡಿದ್ದರಂತೆ. "ಹೋಗಿ. ಅವರು ಬರ್ತಾರೆ. ಕ್ಷಮೆ ಕೇಳ್ಕಂಡ್‌ಬಿಡಿ. ನೀವು ಕೇಳಿದ್ರೆ ನಂದೂ ಒಂಚೂರು ಹಗುರಾಗ್ತದೆ" ಎಂದಳು ವೀಣಾ.

ಅಲ್ಲಿಗೆ ವಿಷಯ ನನ್ನೊಬ್ಬನದಾಗಿ ಉಳಿಯಲಿಲ್ಲ. ಅಳಿಯನ ಲಗೇಜ್ ಗಾಡಿಯಲ್ಲಿ ಶಿಕಾರಿಪುರಕ್ಕೆ ಹೋಗಿ ಅಟ್ಟದಿಂದ ಆಂಪ್ಲಿಫೈಯರ್ ಇಳಿಸಿದೆ. ಎರಡು ಹಾರ್ನು. ಧೂಳು ಒರೆಸುತ್ತ ಒಂದೇ ವಾಕ್ಯವನ್ನು ಹೇಳಿಕೊಂಡು ಕೂತೆ: ನನ್ನದು ತಪ್ಪಾಯಿತು ತಾಯಿ. ಮೈಕ್ ಟೆಸ್ಟಿಂಗ್ ಮಾಡುವವನ ಹಾಗೆ ಮತ್ತೆ ಮತ್ತೆ ಹೇಳಿದೆ. ಖಾಲಿ ಮನೆಯಲ್ಲಿ ಬಹಳ ಚೆನ್ನಾಗಿ ಬರುತ್ತಿತ್ತು.

ರಥಸಪ್ತಮಿಯ ಬೆಳಿಗ್ಗೆ ಚಳಿ ಇತ್ತು, ಮಂಜಿತ್ತು. ಬಯಲಿನ ಎರಡು ಕಡೆ ಹಾರ್ನ್ ಕಟ್ಟಿದೆ. ಉಳವಿ ಬಸ್ಸು ಬಂತು. ಹೆಂಗಸರು ಇಳಿದರು. ಕೊನೆಯಲ್ಲಿ ಅವರು. ಕೂದಲು ಬೆಳ್ಳಗಾಗಿದೆ, ಕನ್ನಡಕ ಬಂದಿದೆ. ನಡಿಗೆ ಮಾತ್ರ ನೇರ. ಮುಂದಿನ ಸಾಲಿನಲ್ಲಿ ಚಾಪೆ ಹಾಸಿ ಕೂತರು. ತಲೆ ಎತ್ತಿದರು. ಮೈಕ್ ಹಿಡಿದ ನನ್ನನ್ನು ನೋಡಿದರು.

ಗುರುತು ಸಿಕ್ಕಿತು ಎಂಬುದು ಹೇಗೆ ಗೊತ್ತಾಯಿತು ಎಂದು ಕೇಳಬೇಡಿ. ಅವರು ಚಾಪೆ ಸುತ್ತಿಕೊಂಡು ಎದ್ದು, ಸಾಲುಗಳನ್ನು ದಾಟಿ, ಬಯಲಿನ ಆ ಮೂಲೆಗೆ ಹೋದರು. ನನ್ನಿಂದ ಎಷ್ಟು ದೂರ ಸಾಧ್ಯವೋ ಅಷ್ಟು ದೂರ. ಪಾಪ, ಅವರಿಗೇನು ಗೊತ್ತು? ನಾನು ಕಟ್ಟಿದ್ದ ಎರಡನೆಯ ಹಾರ್ನಿನ ಬಾಯಿ ನೇರ ಆ ಮೂಲೆಗೇ ಇತ್ತು.

ನನ್ನೊಳಗೆ ಕೂಂಯ್ ಶುರುವಾಯಿತು. ಎದೆ, ಕಿವಿ, ಅಂಗೈ ಬೆವರು, ಎಲ್ಲ. ಓಡು ಎನ್ನುವ ನರ ಓಡು ಎಂದಿತು. ಗಾಡಿ ಹತ್ತಿರವೇ ಇತ್ತು. ಒಂದು ನೆಪ ಹೇಳಿ ಹೋಗಿದ್ದರೆ ಯಾರೂ ಕೇಳುತ್ತಿರಲಿಲ್ಲ. ಹಿಂದೆ ಒಂದು ಸಲ ನೆಲದಲ್ಲಿ ಸ್ಕ್ರೂ ಹುಡುಕಿದವನಿಗೆ ನೆಪ ಕಷ್ಟವೇ?

ನಿಂತಲ್ಲೇ ಕಣ್ಣು ಮುಚ್ಚಿದೆ. ಉಸಿರು ಎಳೆದೆ. ಉದ್ದಕ್ಕೆ ಬಿಟ್ಟೆ. ಮತ್ತೆ. ಮತ್ತೆ. ನಾಬ್ ಸಾವಕಾಶ ಇಳಿಯಿತು. ಪವಾಡವೇನೂ ಅಲ್ಲ. ಭಯ ಇದ್ದಲ್ಲೇ ಇತ್ತು, ಕಿರುಚುವುದನ್ನು ಮಾತ್ರ ನಿಲ್ಲಿಸಿತು. ಅಷ್ಟು ಸಾಕಾಯಿತು. ಕಣ್ಣು ತೆರೆದಾಗ ಮಾಡಬೇಕಾದ ಕೆಲಸ ಎದುರಿಗೇ ಕಂಡಿತು.

ಸ್ಟೂಲ್ ತೆಗೆದುಕೊಂಡು ಎರಡನೆಯ ಕಂಬದ ಹತ್ತಿರ ಹೋದೆ. ಚಿಟ್ಟೆ ನಟ್ ತುಕ್ಕು ಹಿಡಿದಿತ್ತು. ಬೆರಳಿನ ಚರ್ಮ ಕಿತ್ತುಬಂತು. ಹಾರ್ನನ್ನು ಆ ಮೂಲೆಯಿಂದ ತಪ್ಪಿಸಿ ಗದ್ದೆಯ ಕಡೆಗೆ ತಿರುಗಿಸಿದೆ. ಯಾರೋ ಕೂಗಿದರು, "ನಾಗಣ್ಣ, ಆ ಕಡೆ ಮಾಡಿದ್ರೆ ನಮಗೆ ಕೇಳಲ್ಲ."

"ಮುಂದೆ ಬರ್ರಿ," ಎಂದೆ.

ಸೂರ್ಯನಮಸ್ಕಾರ ನಡೆಯಿತು. ಮಂಜು ಕರಗಿ ಬಿಸಿಲು ಬಂತು. ಅಷ್ಟು ಜನ ಒಟ್ಟಿಗೆ ಬಾಗಿ ಒಟ್ಟಿಗೆ ಏಳುವುದನ್ನು ನೀವು ಒಮ್ಮೆ ನೋಡಬೇಕು. ಗಾಳಿಗೆ ಭತ್ತದ ಗದ್ದೆ ಬಾಗಿ ಎದ್ದ ಹಾಗೆ ಇರುತ್ತದೆ. ನಾನು ಕಣ್ಣು ಆ ಮೂಲೆಯಿಂದ ತೆಗೆಯಲಿಲ್ಲ. ಅವರ ಕೈಗಳು ಆಕಾಶಕ್ಕೆ ಹೋದವು, ನೆಲಕ್ಕೆ ಬಂದವು. ಒಂದು ಸಲವೂ ನಡುಗಲಿಲ್ಲ. ನಾನು ಕೆಡಿಸಿದ್ದನ್ನು ಅವರು ದಿನದಿನವೂ ಕೂತು ತಾವೇ ಸರಿಮಾಡಿಕೊಂಡಿದ್ದರು.

ಕೊನೆಗೆ ಶವಾಸನ. ಎಲ್ಲರೂ ಅಂಗಾತ ಮಲಗಿದರು. ಇಲ್ಲಿ ಏನು ಹೇಳಬೇಕು ಎಂಬುದು ಕ್ಲಾಸಿನಲ್ಲಿ ದಿನಾ ಕೇಳಿ ನನಗೆ ಬಾಯಿಪಾಠ. ಮೈ ಸಡಿಲ ಬಿಡಿ. ಕಣ್ಣು ಮುಚ್ಚಿ. ಆಮೇಲಿನ ವಾಕ್ಯ ನಾಲಿಗೆಗೆ ಬಂದ ಮೇಲೆ ಹೊಳೆಯಿತು. ಎಲ್ಲರೂ ಮೆಲ್ಲಗೆ ಉಸಿರಾಡಿ.

ಅದೇ ವಾಕ್ಯ. ಅದೇ ಬಾಯಿ. ಅದೇ ಹಾರ್ನು.

ಆಂಪ್ಲಿಫೈಯರ್ ಆಫ್ ಮಾಡಿದೆ. ಮೈಕನ್ನು ಕೆಳಗಿಟ್ಟೆ. ಮೈಕಿಲ್ಲದೆ, ನನ್ನ ಬರಿಯ ದನಿಯಲ್ಲಿ, "ಮೆಲ್ಲಗೆ ಉಸಿರಾಡಿ" ಎಂದೆ. ಮುಂದಿನ ನಾಲ್ಕು ಸಾಲಿಗೆ ಕೇಳಿರಬಹುದು. ಆ ಮೂಲೆಗೆ ಕೇಳಿತೋ ಇಲ್ಲವೋ ನನಗೆ ಗೊತ್ತಿಲ್ಲ. ಈ ಸಲ ಯಾರೂ ನಗಲಿಲ್ಲ.

ಎಲ್ಲ ಮುಗಿದು ಜನ ಅವಲಕ್ಕಿ ತಿನ್ನುತ್ತಿದ್ದಾಗ ನಾನು ವೈರ್ ಸುತ್ತುತ್ತಿದ್ದೆ. ಅವರು ಬಸ್ಸಿಗೆ ಹೋಗುವ ದಾರಿ ಕಂಬದ ಪಕ್ಕದಲ್ಲೇ ಇತ್ತು. ಬಂದರು. ನಿಂತರು. ತಲೆ ಎತ್ತಿ ಗದ್ದೆಯ ಕಡೆ ಮುಖ ಮಾಡಿದ್ದ ಹಾರ್ನನ್ನು ನೋಡಿದರು.

"ನಾನು ಕೇಳಿದ್ದು ಅಷ್ಟೇರೀ," ಎಂದರು.

ನಾನು ಬಾಯಿ ತೆರೆದೆ. ಧೂಳು ಒರೆಸುತ್ತ ಕಲಿತ ವಾಕ್ಯ ಬರಲಿಲ್ಲ. ಮೂರು ತಾಲ್ಲೂಕಿಗೆ ಕೇಳುವ ಹಾಗೆ ಮಾತಾಡಿದವನ ಗಂಟಲಿನಲ್ಲಿ ಒಂದು ಅಕ್ಷರ ಇರಲಿಲ್ಲ. ಅವರು ಸ್ವಲ್ಪ ಹೊತ್ತು ಕಾದರು. ನಿಜವಾಗಿಯೂ ಕಾದರು. ಅದೇ ನನಗೆ ಹೆಚ್ಚು ಚುಚ್ಚುವುದು. ಉಳವಿ ಬಸ್ಸಿನವನು ಹಾರ್ನ್ ಹೊಡೆದ. ಅವರು ಬೆಚ್ಚಲಿಲ್ಲ. ಚೀಲ ಹೆಗಲಿಗೆ ಹಾಕಿಕೊಂಡು ಹೋಗಿ ಬಸ್ ಹತ್ತಿದರು.

ಯೋಗ ನನ್ನ ಎದೆಬಡಿತ ಇಳಿಸಿತು, ನಿದ್ದೆ ಕೊಟ್ಟಿತು, ಓಡುವ ಕಾಲನ್ನು ನಿಲ್ಲಿಸಿತು. ಇಷ್ಟು ಉಪಕಾರ ನನಗೆ ಯಾರೂ ಮಾಡಿಲ್ಲ. ಮಾತೊಂದನ್ನು ಅದು ಆಡಿಸಲಿಲ್ಲ. ಅದು ಅದರ ಕೆಲಸವೂ ಅಲ್ಲ, ನನ್ನ ಕೆಲಸ. ನಮ್ಮ ನರ ಶಾಂತವಾಗಿರಲಿ ಎಂದು ಬೆಳಗಾಗೆದ್ದು ಚಾಪೆ ಹಾಸುತ್ತೇವೆ, ಒಳ್ಳೆಯದೇ. ಚಾಪೆ ಸುತ್ತಿಟ್ಟ ಮೇಲೆ ಉಳಿದ ಇಡೀ ದಿನ ನಾವು ಯಾರ ನರದ ಮೇಲೆ ಹಾರ್ನ್ ಕಟ್ಟಿ ಕೂತಿದ್ದೇವೆ ಎಂದು ನೋಡುವವರು ಯಾರು?

ಇದನ್ನು ಬರೆಯುವ ಮೊದಲು ಒಂದು ಅಳುಕಿತ್ತು. ಒಮ್ಮೆ ಅವರನ್ನು ಕೇಳದೆಯೇ ಅವರ ಹೆಸರನ್ನು ಊರಿಗೆಲ್ಲ ಸಾರಿದವನು ನಾನು. ಈಗ ಪೇಪರಿನಲ್ಲಿ ಮತ್ತೊಮ್ಮೆ ಸಾರಿದರೆ ಅದು ಕ್ಷಮೆಯೇ, ಇನ್ನೊಂದು ಅನೌನ್ಸ್‌ಮೆಂಟೇ? ಹೇಳದೆ ಬಿಟ್ಟರೆ ನಮ್ಮ ಬೀದಿಯಲ್ಲಿ ಅವರು ಕೊನೆಯವರೆಗೂ ನಾನು ಅಂಟಿಸಿದ ಹೆಸರಿನಲ್ಲೇ ಉಳಿಯುತ್ತಾರೆ. ಇವತ್ತಿಗೂ ಹಳಬರು ಹಾಗೇ ಕರೆಯುವುದು. ಹೆಸರು ಬರೆಯಬಹುದೇ ಎಂದು ಮಂಗಳಾ ಮೇಡಂ ಕೈಲಿ ಅವರನ್ನೇ ಕೇಳಿಸಿದೆ. ಉತ್ತರ ಬಂತು.

"ಅವತ್ತು ಕೇಳಿ ಹೇಳಿದ್ರೇನು? ಹೇಳ್ಲಿ ಬಿಡ್ರಿ. ಈ ಸಲ ಮೆಲ್ಲಗ ಹೇಳ್ಲಿ."

ಪೇಪರಿಗೆ ವಾಲ್ಯೂಮ್ ಇಲ್ಲ, ಅದೊಂದು ಧೈರ್ಯ. ಕ್ಷಮೆಯನ್ನು ಇಲ್ಲಿ ಬರೆದು ಕೈ ತೊಳೆದುಕೊಳ್ಳುವುದಿಲ್ಲ. ಅದನ್ನು ಉಳವಿ ಬಸ್ ಹತ್ತಿ ಹೋಗಿ, ಅವರ ಬಾಗಿಲಲ್ಲಿ ನಿಂತು, ಬಾಯಿಬಿಟ್ಟೇ ಹೇಳಬೇಕು. ವೀಣಾ ಜೊತೆಗೆ ಬರುತ್ತಾಳೆ. ನಮ್ಮ ಬೀದಿಯವರೇ, ಅವರು ಉಸಿರಕ್ಕ ಅಲ್ಲ. ಅವರಿಗೊಂದು ಹೆಸರಿದೆ. ನಾನು ಹಾಳು ಮಾಡಿದ್ದನ್ನು ಇಲ್ಲಿ ಮೆಲ್ಲಗೆ ವಾಪಸ್ ಇಡುತ್ತಿದ್ದೇನೆ.

ಸುಶೀಲಮ್ಮ.